ಸೆರಗಿನ ಹೊರಗಿನ ಡಬ್ಬಾ

ಮುಂಬಯಿಯ ಗ್ರಾಂಟ್ ರೋಡಿನ ನಮ್ಮ ಚಾಳಿನಲ್ಲಿ ಎದುರಿಗೆ ಬಂದವರ ಮುಖವನ್ನು ಯಾರೂ ಮೊದಲು ನೋಡುವುದಿಲ್ಲ, ಕೈಯನ್ನು ನೋಡುತ್ತಾರೆ. ಕೈಯಲ್ಲಿ ತಗಡಿನ ಡಬ್ಬಾ ಇದ್ದರೆ ಮಾತನಾಡಿಸಬಾರದು, ಇಲ್ಲದಿದ್ದರೆ ಮಾತನಾಡಿಸದೆ ಬಿಡಬಾರದು. ಒಂದು ಮಜಲೆಗೆಲ್ಲ, ಅಂದರೆ ಇಡೀ ಅಂತಸ್ತಿಗೆ, ಗ್ಯಾಲರಿಯ ತುದಿಯಲ್ಲಿ ಮೂರೇ ಸಂಡಾಸು. ಅಲ್ಲಿಗೆ ಹೊರಟ ಹೆಂಗಸರು ನೀರಿನ ಡಬ್ಬಾವನ್ನು ಸೆರಗಿನಡಿ ಮರೆಮಾಡಿ, ದೇವರ ದರ್ಶನಕ್ಕೆ ಹೊರಟವರಂತೆ ಗಂಭೀರವದನೆಯರಾಗಿ ನಡೆಯುವುದು ಇಲ್ಲಿನ ಸಂಪ್ರದಾಯ. ಎಲ್ಲರಿಗೂ ಗೊತ್ತಿರುವುದನ್ನು ಎಲ್ಲರಿಂದಲೂ ಬಚ್ಚಿಡುವ ಈ ವಿದ್ಯೆಯಲ್ಲಿ ನಾನೂ ಪಾರಂಗತಳೇ ಆಗಿದ್ದೆ.

ಆಮೇಲೆ ನನ್ನ ಗರ್ಭಕೋಶದ ಕೊರಳಿನಲ್ಲಿ ಕ್ಯಾನ್ಸರ್ ಇದೆ ಎಂದರು. ಹೆಸರು ಹೇಳಿದರೆ ಅಂಟೀತೆಂದು ಬಂಧುಗಳೆಲ್ಲ ಅದನ್ನು "ಆ ಬ್ಯಾನಿ" ಎನ್ನುತ್ತಿದ್ದರು. ನಾನು ಮಾತ್ರ ಪೂರ್ಣ ನಾಮಧೇಯವನ್ನೇ ಉಚ್ಚರಿಸುತ್ತೇನೆ. ಹೇಳದೆ ಕೇಳದೆ ಮನೆಯೊಳಗೆ ಠಿಕಾಣಿ ಹೂಡಿದವನ ಹೆಸರು ಮನೆಯೊಡತಿಗೆ ಗೊತ್ತಿರಬೇಡವೇ? ಆಸ್ಪತ್ರೆಯಲ್ಲಿ ಅದನ್ನು ಸುಡಲು ಒಳಗೆ ರೇಡಿಯಂ ಇಟ್ಟರು. ರೋಗವೇನೋ ಹೋಯಿತು, ಆದರೆ ಆ ಕಾವು ನೆರೆಯಲ್ಲಿದ್ದ ಮೂತ್ರಕೋಶಕ್ಕೂ ತಾಗಿ, ಅದುವರೆಗೆ ಸಾಧುವಾಗಿದ್ದ ಆ ಅವಯವ ದೂರ್ವಾಸನ ಅವತಾರ ತಾಳಿತು. ಕರೆದ ಕ್ಷಣವೇ ಹೋಗಬೇಕು. ತಡವಾದರೆ ಶಾಪ, ಅದೂ ಉಟ್ಟ ಸೀರೆಯ ಮೇಲೆ.

ಆಗ ನಾನು ಮಾಡಿದ ಜಾಣತನ ಕೇಳಿ. ಕುಡಿದರೆ ತಾನೇ ಹೋಗಬೇಕಾದದ್ದು ಎಂದು ನೀರನ್ನೇ ಬಿಟ್ಟೆ. ನಿರ್ಜಲ ಏಕಾದಶಿ ಮಾಡುವವರಿಗೆ ನಮ್ಮಲ್ಲಿರುವ ಮರ್ಯಾದೆ ನಿಮಗೆ ಗೊತ್ತೇ ಇದೆ. ಯಾರ ಮನೆಗೆ ಹೋದರೂ ಚಹಾ ನೀರು ಮುಟ್ಟದ ನನ್ನನ್ನು ಕಂಡು, ಸಾವಿನ ಬಾಯಿಂದ ಬಂದವಳು ಯಾವುದೋ ಘೋರ ವ್ರತ ಹಿಡಿದಿದ್ದಾಳೆಂದು ಚಾಳಿನವರು ತೀರ್ಮಾನಿಸಿದರು. ಪಕ್ಕದ ಖೋಲಿಯ ಗಂಗವ್ವ ವಿಜಾಪುರದ ಕಡೆಯವಳು. ನಾನು ಸಂಡಾಸಿಗೆ ಎಷ್ಟು ಸಲ ಹೋದೆನೆಂದು ಬಾಗಿಲಲ್ಲಿ ಕೂತು ಬೆರಳು ಮಡಿಚಿ ಎಣಿಸುತ್ತಿದ್ದವಳು, ಒಂದು ದಿನ ನನ್ನ ಕಾಲಿಗೇ ಬಿದ್ದಳು. ನಾನೂ ನಾಚಿಕೆಯಿಲ್ಲದೆ ಆಶೀರ್ವಾದ ಮಾಡಿದೆ.

ವ್ರತದ ಫಲ ಹದಿನೈದು ದಿನಕ್ಕೇ ಸಿಕ್ಕಿತು: ಉರಿ, ಚಳಿಜ್ವರ. ಆಸ್ಪತ್ರೆಯ ಡಾಕ್ಟರ್‌ಬಾಯಿ ಶುದ್ಧ ಮರಾಠಿಯಲ್ಲಿ ಬೈದು, ದಿನವಿಡೀ ನೀರು ಕುಡಿಯಬೇಕು, ಕರೆ ಬರುವ ಮೊದಲೇ ಗಡಿಯಾರ ನೋಡಿ ಎದ್ದು ಹೋಗಬೇಕು ಎಂದು ಕಟ್ಟುಮಾಡಿದರು. ನಮ್ಮವರ ಹಳೆಯ ಧೋತರವನ್ನು ಹರಿದು ಮಡಿಕೆ ಮಾಡಿ ಒಳಗೆ ಕಟ್ಟಿಕೊಂಡೆ. ನಮ್ಮವರದೊಂದು ವಸ್ತು ನನ್ನನ್ನು ಅಷ್ಟು ನಿಷ್ಠೆಯಿಂದ ಕಾದದ್ದು ಅದೇ ಮೊದಲು.

ಹೀಗಿರುವಾಗ ಚೆಂಬೂರಿನಲ್ಲಿರುವ ನನ್ನ ಅಕ್ಕನ ಮಗಳ ಮದುವೆ ಬಂತು. ಊಟದ ಪಂಕ್ತಿಯಲ್ಲಿ ಕೂತ ಬೀಗರನ್ನು ಹಾಡು ಕಟ್ಟಿ ಹಂಗಿಸುವುದು ನಮ್ಮ ಧಾರವಾಡದ ಕಡೆಯ ಪದ್ಧತಿ. ನಮ್ಮ ಮನೆತನದಲ್ಲಿ ಆ ಅಧಿಕಾರ ಮೊದಲಿನಿಂದಲೂ ನನ್ನದು. ಅಕ್ಕ ಅಕ್ಷತೆ ಕೊಡಲು ಬಂದವಳು ಮುಖ ತಪ್ಪಿಸಿ ಹೇಳಿದಳು: "ನೀ ಮನ್ಯಾಗ ಆರಾಮ ಇರವಾ. ಮೂರು ಗಾಡಿ ಹತ್ತಿಳದು ಬರಬೇಕು. ನಾಕು ಮಂದ್ಯಾಗ ಏನರೆ ಆತಂದ್ರ ಬೀಗರ ಮುಂದ ಹ್ಯಾಂಗ?"

ಸಿಟ್ಟು ನೆತ್ತಿಗೇರಿತು. ನಾನು ಸಾಯದೆ ಉಳಿದದ್ದು ಸಂಡಾಸು ಕಾಯುವುದಕ್ಕೇನು? ಇಂದು ಮದುವೆ ಬಿಟ್ಟರೆ ನಾಳೆ ಮಾರ್ಕೆಟ್ಟು, ನಾಡಿದ್ದು ಹೊಸ್ತಿಲು. ಅಂಗೈಯಷ್ಟಿನ ಒಂದು ಚೀಲಕ್ಕೆ ಇಡೀ ಮುಂಬಯಿಯನ್ನು ಬಿಟ್ಟುಕೊಡಲು ನಾನು ತಯಾರಿರಲಿಲ್ಲ. "ಬರ್ತೀನಿ. ಹಾಡ್ತೀನಿ," ಎಂದೆ.

ಹೋದೆ. ದಾದರಿನಲ್ಲಿ ಒಮ್ಮೆ, ಕುರ್ಲಾದಲ್ಲಿ ಒಮ್ಮೆ ದೂರ್ವಾಸರಿಗೆ ನೈವೇದ್ಯ ಸಲ್ಲಿಸಿ, ಅದಕ್ಕಾಗಿ ಎರಡು ಲೋಕಲ್ ತಪ್ಪಿಸಿಕೊಂಡು, ಮುಹೂರ್ತಕ್ಕೆ ಸರಿಯಾಗಿ ಮುಟ್ಟಿದೆ. ಪಂಕ್ತಿ ಕೂತಿತು. ಬೀಗತಿಯ ಮೂಗಿನ ಮೇಲೆ ಎರಡು ನುಡಿ ಹಾಡಿ ಮೂರನೆಯದಕ್ಕೆ ಬಾಯಿ ತೆರೆಯುವಷ್ಟರಲ್ಲಿ, ಗಡಿಯಾರವನ್ನು ಲೆಕ್ಕಿಸದೆ ಕರೆ ಬಂತು. ಬಡಿಸುತ್ತಿದ್ದ ಅಕ್ಕನ ಕೈಯಲ್ಲಿ ಸೌಟು ನಿಂತಿತು. ತಲೆಸುತ್ತು ಎಂದು ನೆಪ ಹೇಳಬಹುದಿತ್ತು. ಹೇಳಲಿಲ್ಲ.

"ಬೀಗರ, ನನಗ ಕ್ಯಾನ್ಸರ್ ಆಗಿತ್ತು. ಅದು ಹೋತು, ಈಗ ಉಚ್ಚಿ ತಡಿಯೂದುಲ್ಲ. ಹೋಗಿ ಬರ್ತೀನಿ. ನಿಮ್ಮ ಮೂಗು ಇನ್ನೂ ಮುಗದಿಲ್ಲ, ಯಾರೂ ಏಳಬ್ಯಾಡ್ರಿ!"

ಸಂಡಾಸು ಮುಟ್ಟುವಷ್ಟರಲ್ಲಿ ಧೋತರದ ಮಡಿಕೆ ಅರ್ಧ ತೊಯ್ದಿತ್ತು, ಸುಳ್ಳೇಕೆ ಹೇಳಲಿ. ಬದಲಿಸಿಕೊಂಡು ಬಂದೆ. ಯಾರೂ ಎದ್ದಿರಲಿಲ್ಲ. ಮೂರನೆಯ ನುಡಿಯನ್ನು ಮೊದಲೆರಡಕ್ಕಿಂತ ಎತ್ತರದ ದನಿಯಲ್ಲಿ ಹಾಡಿದೆ. ಎಲ್ಲರಿಗಿಂತ ಹೆಚ್ಚು ನಕ್ಕವಳು ಆ ಮೂಗಿನ ಒಡತಿಯೇ. ನಾನು ಊಟಕ್ಕೆ ಕೂತಾಗ ಅಕ್ಕ ನನ್ನ ಲೋಟದ ತುಂಬ ನೀರು ಹಾಕಿದಳು.

ಮರುದಿನ ಬೆಳಿಗ್ಗೆ ಡಬ್ಬಾವನ್ನು ಸೆರಗಿನಿಂದ ಹೊರಗೆ ಹಿಡಿದು, ಕೈ ಬೀಸಿಕೊಂಡು ಹೊರಟೆ. ಬಾಗಿಲಲ್ಲಿ ಗಂಗವ್ವ ಬೆರಳು ಮಡಿಚಿ ಕೂತಿದ್ದಳು. "ನಂದು ವ್ರತ ಅಲ್ಲವಾ ಗಂಗವ್ವಾ, ಜಡ್ಡು. ಇನ್ನ ಎಷ್ಟರೆ ಎಣಸು," ಎಂದೆ. ಅವಳ ಕಣ್ಣು ತುಂಬಿಬಂತು.

"ಆಡಿಕೊಳ್ಳಾಕ ಎಣಸ್ತಿರ್ಲಿಲ್ರೀ ಅಕ್ಕಾರ. ಮೂರನೇ ಬಾಣಂತನದಿಂದ ನಂದೂ ಇದ ಹಣೇಬರಾ. ಯಾರ ಮುಂದ ಹೇಳ್ಲಿ? ನನಗಿಂತ ಜಾಸ್ತಿ ಹೋಗಾಕಿ ಒಬ್ಬಾಕಿ ಅದಾಳಲ್ಲ ಅಂತ ಸಮಾಧಾನ ಮಾಡ್ಕೊಂತಿದ್ದೆ."

ಒಳಗೆ ಹೋಗಿ ತನ್ನ ಡಬ್ಬಾ ತಂದಳು. ಕೈಯಲ್ಲಿ ಡಬ್ಬಾ ಇದ್ದವರನ್ನು ಮಾತನಾಡಿಸಬಾರದು ಎಂಬುದು ನಮ್ಮ ಚಾಳಿನ ನಿಯಮವೆಂದೆನಲ್ಲ. ಈಗ ನಾವಿಬ್ಬರೂ ಗ್ಯಾಲರಿಯ ಈ ತುದಿಯಿಂದ ಆ ತುದಿಯವರೆಗೆ ಮಾತನಾಡುತ್ತಲೇ ಹೋಗುತ್ತೇವೆ.