ಸೋತೆನೆಂದು ಸುಳ್ಳು ಹೇಳಿದ ಮಧ್ಯಾಹ್ನ

ಕಳೆದ ತಿಂಗಳು ಅಹಮದಾಬಾದಿನಿಂದ ಸೂರತ್‌ಗೆ ಬರುವಾಗ, ರೈಲಿನಲ್ಲಿ ಎದುರು ಸೀಟಿನ ಹುಡುಗಿಯೊಬ್ಬಳು ಪ್ಯಾಂಟು ಮೇಲೆ ಮಡಚಿ ಮೀನಖಂಡಕ್ಕೆ ನೋವಿನ ಎಣ್ಣೆ ತಿಕ್ಕಿಕೊಂಡಳು. ಮರುದಿನ ಯಾವುದೋ ಓಟವಿತ್ತಂತೆ. ಮೂಗು ಉರಿಸುವ ಆ ವಾಸನೆ ಬೋಗಿಯೆಲ್ಲ ಹರಡಿತು. ನಾನು ಎದ್ದು ಬಾಗಿಲ ಬಳಿ ನಿಂತೆ. ವಡೋದರಾ ಬಂದು ಹೋದರೂ ಒಳಗೆ ಬರಲಾಗಲಿಲ್ಲ…

ಅದೇ ಎಣ್ಣೆಯನ್ನು ಮೊಣಕಾಲಿಗೆ ಹಚ್ಚಿಕೊಳ್ಳದೆ ಕಾಕಾ ಮನೆಯಿಂದ ಹೊರಡುತ್ತಿರಲಿಲ್ಲ. ವಡೋದರಾದಲ್ಲಿ ನಾನು ಬಾಡಿಗೆಗಿದ್ದ ಫ್ಲ್ಯಾಟಿನ ಎದುರು ಬಾಗಿಲು ಅವರದು. ಧಾರವಾಡದ ಕಡೆಯವರು, ಕೊಯಾಲಿಯ ತೈಲ ರಿಫೈನರಿಯಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದವರು. ಬಿಲ್ಡಿಂಗಿನ ಗುಜರಾತಿಗಳಿಗೂ ಅವರು ಕಾಕಾ, ನನಗೂ ಕಾಕಾ. ಮಕ್ಕಳಿರಲಿಲ್ಲ, ಅವರು ಮತ್ತು ಹೆಂಡತಿ ಕಾಕು ಇಬ್ಬರೇ. ನಾನು ತುಮಕೂರಿನಿಂದ ವಿಮಾ ಕಚೇರಿಯ ಕೆಲಸಕ್ಕೆ ಹೋದ ಒಂಟಿ ಹುಡುಗಿ. ನಾನು ಅಮ್ಮನೊಂದಿಗೆ ಫೋನಿನಲ್ಲಿ ಮಾತಾಡುವುದು ಕಾಕಾನ ಕಿವಿಗೆ ಬಿದ್ದು, ಬಾಗಿಲ ಹೊರಗೆ ನನ್ನ ಓಟದ ಬೂಟುಗಳೂ ಕಣ್ಣಿಗೆ ಬಿದ್ದು, ಎಷ್ಟು ದೂರ ಓಡುತ್ತೀ ಎಂದು ಕನ್ನಡದಲ್ಲೇ ಕೇಳಿದ್ದರು. ಅಲ್ಲಿಂದ ಶುರುವಾಯಿತು.

ಕಾಲೇಜಿನ ದಿನಗಳಲ್ಲಿ ಕಾಕಾ ಹತ್ತು ಸಾವಿರ ಮೀಟರ್ ಓಡುತ್ತಿದ್ದರಂತೆ. ದೂರದ ಓಟದಲ್ಲಿ ಹಿಂದಿನವರ ಪೈಕಿ ಯಾರು ದೊಡ್ಡವರು ಎಂಬುದು ನಮ್ಮ ಮುಗಿಯದ ಜಗಳ. ಅವರ ದೇವರು ಜೆಕ್ ದೇಶದ ಒಬ್ಬ ಓಟಗಾರ. ಒಂದೇ ಒಲಿಂಪಿಕ್ಸಿನಲ್ಲಿ ಐದು ಸಾವಿರ, ಹತ್ತು ಸಾವಿರ, ಅದು ಸಾಲದೆಂದು ಅದುವರೆಗೂ ಓಡಿಯೇ ಇರದ ಮ್ಯಾರಥಾನ್, ಮೂರನ್ನೂ ಗೆದ್ದವನು. ಓಡುವಾಗ ಯಾರೋ ಕುತ್ತಿಗೆ ಹಿಸುಕುತ್ತಿದ್ದಾರೇನೋ ಎನ್ನುವಂತೆ ಮುಖ ಕಿವಿಚುತ್ತಿದ್ದನಂತೆ. ನನ್ನವನು ಬರಿಗಾಲಲ್ಲಿ ಮ್ಯಾರಥಾನ್ ಗೆದ್ದ ಇಥಿಯೋಪಿಯದವನು. ನಾಲ್ಕು ವರ್ಷದ ನಂತರ, ಹೊಟ್ಟೆಯ ಆಪರೇಷನ್ ಆಗಿ ಕೆಲವೇ ವಾರಗಳಲ್ಲಿ, ಮತ್ತೆ ಗೆದ್ದವನು. ಕಾಕು ಚಹಾ ತಂದಿಟ್ಟು, ಇಬ್ಬರಿಗೂ ತಲೆ ಕೆಟ್ಟಿದೆ ಎಂದು ಒಳಗೆ ಹೋಗುತ್ತಿದ್ದರು. ಮೂರು ವರ್ಷದಲ್ಲಿ ಇಬ್ಬರೂ ಒಂದು ಅಂಗುಲವೂ ಬಿಟ್ಟುಕೊಟ್ಟಿರಲಿಲ್ಲ.

ಕೊರೊನಾದ ಎರಡನೇ ಅಲೆಯಲ್ಲಿ ಕಾಕಾಗೆ ಜ್ವರ ಬಂತು. ಐದನೇ ದಿನ ಉಸಿರು ಕೆಟ್ಟಿತು. ಬೆಳಗಿನಿಂದ ಆಸ್ಪತ್ರೆಗಳಿಗೆ ಫೋನ್ ಹಚ್ಚುತ್ತಾ ಕೂತೆ. ಎತ್ತಿದವರದೆಲ್ಲ ಬೆಡ್ ಇಲ್ಲವೆಂಬ ಒಂದೇ ಮಾತು, "ಬೆಡ್ ನಥಿ, ಬೇನ್." ಕೊನೆಗೆ ಕೆಳಗಿನ ಮನೆಯವರು ತಮ್ಮ ವ್ಯಾನನ್ನೂ ಎಲ್ಲಿಂದಲೋ ತಂದ ಒಂದು ಸಣ್ಣ ಆಕ್ಸಿಜನ್ ಸಿಲಿಂಡರನ್ನೂ ಕೊಟ್ಟರು. ಆಸ್ಪತ್ರೆಯೊಂದರ ಗೇಟಿನ ಹೊರಗೆ ನಮ್ಮ ಮುಂದೆ ಹತ್ತೊಂಬತ್ತು ಗಾಡಿಗಳಿದ್ದವು. ಬಿಸಿಲಿಗೆ ವ್ಯಾನಿನ ತಗಡು ಮುಟ್ಟಲಾಗುತ್ತಿರಲಿಲ್ಲ. ಕಾಕು ಗಂಡನ ಬೆರಳಿಗೆ ಸಿಕ್ಕಿಸಿದ್ದ ಆಕ್ಸಿಮೀಟರನ್ನೇ ನೋಡುತ್ತಿದ್ದರು. ನಾನು ಸಿಲಿಂಡರಿನ ಮುಳ್ಳನ್ನು ನೋಡುತ್ತಿದ್ದೆ.

ಎರಡು ಗಂಟೆಯ ಹೊತ್ತಿಗೆ ವೈದ್ಯರೊಬ್ಬರು ಗಾಡಿಗಳ ಸಾಲಿನಲ್ಲಿ ಒಬ್ಬೊಬ್ಬರನ್ನೇ ನೋಡುತ್ತಾ ಬಂದರು. ಕಾಕಾನನ್ನು ಪರೀಕ್ಷಿಸಿ, ನನ್ನನ್ನು ಪಕ್ಕಕ್ಕೆ ಕರೆದು, ಬೆಡ್ ಸಿಕ್ಕರೂ ಹೆಚ್ಚು ಆಸೆ ಇಟ್ಟುಕೊಳ್ಳಬೇಡಿ ಎಂದು ಹಿಂದಿಯಲ್ಲಿ ಮೆಲ್ಲಗೆ ಹೇಳಿದರು. ಅವರಿಗೂ ನನ್ನಷ್ಟೇ ವಯಸ್ಸಿರಬೇಕು. ನಾನು ವ್ಯಾನಿಗೆ ಹಿಂತಿರುಗಿ, ಇನ್ನೇನು ನಮ್ಮ ಸರದಿ ಬರುತ್ತದಂತೆ ಎಂದೆ.

ಕಾಕಾ ಮಾಸ್ಕ್ ಸರಿಸಿದರು. ಹೆದರಿದ್ದರು, ಹೆದರಿಕೆ ಮುಚ್ಚಿಕೊಳ್ಳಲು ಅವರಿಗೆ ಇದ್ದದ್ದು ಆ ಒಂದೇ ಮಾತು.

"ತಂಗಿ… ನಿನ್ನ ಬರಿಗಾಲಿನಾಂವ ಎರಡು ಸಲ ಗೆದ್ದಾನ, ಖರೆ. ಮೂರೂ ಓಟ… ಒಮ್ಮೆಲೇ ಗೆದ್ದಾನೇನು?"

ಒಂದೊಂದು ಮಾತಿಗೂ ಆಕ್ಸಿಮೀಟರಿನ ಅಂಕಿ ಇಳಿಯುತ್ತಿತ್ತು. ಸುಮ್ಮನಿರ್ರಿ ಎಂದು ಕಾಕು ಕೈ ಮುಗಿದರು. ಕಾಕಾ ನನ್ನ ಉತ್ತರಕ್ಕೆ ಕಾಯುತ್ತಿದ್ದರು, ಮತ್ತೆ ಮಾಸ್ಕ್ ಸರಿಸಲು ಕೈ ಎತ್ತಿದ್ದರು. ನನಗೆ ತಡೆಯಲಾಗಲಿಲ್ಲ.

"ಸಾಕು ಕಾಕಾ. ನೀವೇ ಸರಿ. ನಿಮ್ಮವನೇ ದೊಡ್ಡವನು. ನಾನು ಸೋತೆ."

ಗೆದ್ದ ಖುಷಿ ಅವರ ಮುಖದಲ್ಲಿ ಕಾಣಲೇ ಇಲ್ಲ. ಬಹಳ ಹೊತ್ತು ನನ್ನನ್ನೇ ನೋಡಿದರು. ಆಮೇಲೆ ಕೇಳಿದರು:

"ಡಾಕ್ಟರು ನಿನಗ ಏನು ಹೇಳಿದ್ರು?"

ಏನೂ ಇಲ್ಲ ಎಂದೆ. ಅವರು ಮಾಸ್ಕನ್ನು ತಾವೇ ಮೂಗಿಗೆ ಏರಿಸಿಕೊಂಡು ವ್ಯಾನಿನ ತಗಡಿನ ಕಡೆ ಮುಖ ತಿರುಗಿಸಿದರು. ಸಂಜೆ ಬೆಡ್ ಸಿಕ್ಕಿತು. ಜೊತೆಗೆ ಯಾರನ್ನೂ ಬಿಡಲಿಲ್ಲ. ಸ್ಟ್ರೆಚರ್ ಒಳಗೆ ಹೋಗುವಾಗಲೂ ಅವರು ತಿರುಗಿ ನೋಡಲಿಲ್ಲ… ಮೂರನೇ ದಿನ ಬೆಳಿಗ್ಗೆ ಆಸ್ಪತ್ರೆಯಿಂದ ಫೋನ್ ಬಂತು. ಮುಖವನ್ನು ದೂರದಿಂದ ತೋರಿಸಿದರು, ಅಷ್ಟೆ.

ಕಾಕು ತಮ್ಮನ ಜೊತೆ ಧಾರವಾಡಕ್ಕೆ ಹೋದರು. ನಾನು ಸೂರತ್‌ಗೆ ವರ್ಗ ಮಾಡಿಸಿಕೊಂಡೆ. ಆಗಾಗ ಫೋನಿನಲ್ಲಿ ಮಾತಾಡುತ್ತೇವೆ, ಆ ಮಧ್ಯಾಹ್ನವನ್ನು ಬಿಟ್ಟು ಉಳಿದೆಲ್ಲವನ್ನೂ.

ಕಳೆದ ತಿಂಗಳ ಆ ರೈಲಿನಿಂದ ಸೂರತ್‌ನಲ್ಲಿ ಇಳಿದವಳೇ ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂತು ಕಾಕುಗೆ ಫೋನ್ ಮಾಡಿದೆ. ವೈದ್ಯರು ಹೇಳಿದ್ದನ್ನು, ನಾನು ಯಾಕೆ ಸೋತೆನೆಂದದ್ದನ್ನು, ಎಲ್ಲವನ್ನೂ ಹೇಳಿದೆ. ಕಾಕು ಅಳಲಿಲ್ಲ.

"ನನಗ ಅವತ್ತೇ ಗೊತ್ತಾತವ್ವ. ಅವರಿಗೂ ಗೊತ್ತಾತು," ಎಂದರು. ಸಿಟ್ಟಿಲ್ಲದ ದನಿಯಲ್ಲಿ ಸೇರಿಸಿದರು, "ನೀ ಜಗಳಾ ಮಾಡಬೇಕಿತ್ತು."

ಹೌದು ಕಾಕು, ಮಾಡಬೇಕಿತ್ತು ಎಂದೆ. ಆಮೇಲೂ ಇಬ್ಬರೂ ಫೋನ್ ಇಡಲಿಲ್ಲ.