ಎರಡನೇ ನಂಬರಿನ ಕುಕ್ಕರ್ ಹಾಡು

ಮೊನ್ನೆ ಈ ವರ್ಷದ ಖಾರ ಕುಟ್ಟಿಸಿಕೊಂಡು ಬಂದೆ. ಡಬ್ಬಿಗಳನ್ನು ಇಡುವ ಹಳೆಯ ಟ್ರಂಕನ್ನು ಮೊದಲು ಒರೆಸೋಣ ಅಂತ ತಳಕ್ಕೆ ಹಾಸಿದ್ದ ಪೇಪರು ಎತ್ತಿದರೆ, ಅದರ ಕೆಳಗೆ ಒಂದು ಉದ್ದನೆಯ ವಹಿ. ತೆಗೆದು ಝಾಡಿಸಿದ್ದೇ ತಪ್ಪಾಯಿತು ನೋಡಿ, ಸಾಲಾಗಿ ಏಳು ಸೀನು. ಐದನೆಯ ಸೀನಿಗೆ ನಮ್ಮ ಮನೆಯವರು ಪಡಸಾಲೆಯಿಂದ ಡಾಕ್ಟರಿಗೆ ಫೋನ್ ಮಾಡಲೇನು ಅಂತ ಕೇಳಿದರು. ಏಳನೆಯದು ಮುಗಿಯುವಷ್ಟರಲ್ಲಿ ನಾನು ನಗುತ್ತಿದ್ದೆ. ಸೀನು, ನಗು ಎರಡೂ ಕೂಡಿ ಬಂದರೆ ಅರವತ್ತು ದಾಟಿದ ಹೆಂಗಸಿನ ಗತಿ ಏನಾಗುತ್ತದೆ ಅಂತ ನಾನು ಬಿಡಿಸಿ ಹೇಳುವುದು ಬೇಡ.

ವಹಿಯ ಹಾಳೆಯ ಮೇಲೆ ನನ್ನದೇ ದುಂಡನೆಯ ಅಕ್ಷರ. ಮೇಲೆ ಶ್ರೀಕಾರ. ಅದರ ಕೆಳಗೆ ಒಂದು, ವಚನ. ಎರಡು, ಕುಕ್ಕರ್ ಹಾಡು. ಮೂರು, ಕುಂದಾ ಹಾಡು. ನಾಲ್ಕು, ಅವಲಕ್ಕಿ ಹಾಡು. ಐದು, ತಿಳಿಯದ ಹಾಡು. ಹೀಗೆ ಹತ್ತರ ತನಕ.

ಇದು ಅಡಿಗೆಯ ಯಾದಿ ಅಲ್ಲ. ಎಂಬತ್ತರ ಆಸುಪಾಸು, ನಾನಿನ್ನೂ ಅನಗೋಳದ ತವರುಮನೆಯಲ್ಲಿ ಮ್ಯಾಟ್ರಿಕ್ ಮುಗಿಸಿ ವರ ಬರುವುದನ್ನು ಕಾಯುತ್ತಿದ್ದಾಗ, ಪ್ರತಿ ಶನಿವಾರ ಆ ವಾರದ ನನ್ನ ಮೆಚ್ಚಿನ ಹತ್ತು ಸಿನಿಮಾ ಹಾಡುಗಳಿಗೆ ನಂಬರು ಹಚ್ಚುತ್ತಿದ್ದೆ. ಯಾರೂ ಹಚ್ಚು ಅಂತ ಹೇಳಿರಲಿಲ್ಲ. ಹಚ್ಚದಿದ್ದರೆ ಯಾವ ಹಾಡೂ ಅಳುತ್ತಿರಲಿಲ್ಲ. ಆದರೂ ಶುಕ್ರವಾರ ಸಂಜೆಯಿಂದಲೇ ನನಗೆ ಎದೆ ಢವಢವ. ಈ ವಾರ ಕುಂದಾ ಹಾಡನ್ನು ಇಳಿಸಬೇಕಾದೀತೇನು, ಪಾಪ, ಅದು ಏನು ತಪ್ಪು ಮಾಡಿದೆ ಅಂತ ಭಾಂಡಿ ತಿಕ್ಕುತ್ತ ತಿಕ್ಕುತ್ತ ಯೋಚನೆ.

ನಮ್ಮ ಮನೆಯಲ್ಲಿ ರೇಡಿಯೋ ಇರಲಿಲ್ಲ. ಹೆಣ್ಣುಮಕ್ಕಳಿರುವ ಮನೆಗೆ ರೇಡಿಯೋ ಯಾತಕ್ಕೆ ಅನ್ನುವುದು ನಮ್ಮಪ್ಪನ ಮತ. ಆದರೆ ದೇವರು ದಯಾಳು, ಬಾಜೂ ಮನೆಯಲ್ಲಿ ಸುಶೀಲಾ ಕಾಕುವನ್ನು ಇಟ್ಟಿದ್ದ. ಕಾಕು ಮರಾಠಿಯವರು. ಅವರು ಮಾತಾಡುವ ಕನ್ನಡದಲ್ಲಿ ಅರ್ಧ ಮರಾಠಿ, ನಾವು ಮಾತಾಡುವ ಮರಾಠಿಯಲ್ಲಿ ಮುಕ್ಕಾಲು ಕನ್ನಡ, ಹಾಗಾಗಿ ಎಲ್ಲವೂ ಸುರಳೀತ ನಡೆಯುತ್ತಿತ್ತು. ಅವರ ರೇಡಿಯೋ ನಮ್ಮ ಹಿತ್ತಲಿನ ಕಡೆಯ ಕಿಟಕಿಯಲ್ಲಿ ಕೂತಿರುತ್ತಿತ್ತು. ಹಾಡು ಶುರುವಾಯಿತೆಂದರೆ ನಾನು ಮೊರದಲ್ಲಿ ಅಕ್ಕಿ ಹಾಕಿಕೊಂಡು ಹಿತ್ತಲಿಗೆ. ಆ ಎರಡು ವರ್ಷ ತವರಿನವರ ಹಲ್ಲಿಗೆ ಒಂದೂ ಕಲ್ಲು ಸಿಕ್ಕಿಲ್ಲ.

ಹಾಡಿನ ಖರೇ ಹೆಸರು ಬರೆದರೆ ಅಪ್ಪನ ಕೈಗೆ ಸಿಕ್ಕೀತೆಂಬ ಹೆದರಿಕೆ. ಅದಕ್ಕೇ ಮೊದಲ ಸಲ ಕೇಳಿದಾಗ ನಾನು ಮಾಡುತ್ತಿದ್ದ ಕೆಲಸದ ಹೆಸರನ್ನೋ, ತಿನ್ನುತ್ತಿದ್ದ ತಿನಿಸಿನ ಹೆಸರನ್ನೋ ಅದಕ್ಕೆ ಇಟ್ಟುಬಿಡುತ್ತಿದ್ದೆ. ಅವಲಕ್ಕಿ ಹಾಡು ಕನ್ನಡದ್ದು, ಅವಲಕ್ಕಿ ಒಣಹಾಕುವಾಗ ಕೇಳಿದ್ದು, ಅಳುವಿನದು. ಕುಂದಾ ಹಾಡು ಮರಾಠಿಯದು, ಕುಂದಾದ ಹಾಗೇ ನಿಧಾನ, ಸಿಹಿ. ತಿಳಿಯದ ಹಾಡು ಗೋವಾದ ಸ್ಟೇಷನ್ನಿನಿಂದ ಬರುತ್ತಿದ್ದ ಕೊಂಕಣಿ ಹಾಡು. ಅದರ ಒಂದು ಶಬ್ದವೂ ನನಗೆ ತಿಳಿಯುತ್ತಿರಲಿಲ್ಲ, ಕೇಳಿದರೆ ಮಾತ್ರ ಕಾಲು ಸುಮ್ಮನಿರುತ್ತಿರಲಿಲ್ಲ. ಊರಲ್ಲಿ ಭಾಷೆಯ ಮೇಲೆ ಏನೇನೋ ಜೋರು ಮಾತು ನಡೆಯುತ್ತಿದ್ದ ಕಾಲ ಅದು. ನನ್ನ ವಹಿಯಲ್ಲಿ ಎಲ್ಲ ಭಾಷೆಯವೂ ಒಂದೇ ಹಾಳೆಯಲ್ಲಿ ಮೈಗೆ ಮೈ ತಾಗಿಸಿಕೊಂಡು ಮಲಗುತ್ತಿದ್ದವು.

ಇನ್ನು ಆ ಒಂದನೇ ನಂಬರು. ಯಾದಿ ಶುರು ಮಾಡಿದ ಮೊದಲ ವಾರ ನಾನು ಅವಲಕ್ಕಿ ಹಾಡಿಗೆ ಪಹಿಲಾ ನಂಬರು ಕೊಟ್ಟಿದ್ದೆ. ಮಾರನೆಯ ದಿನ ಮುಂಜಾನೆ ದೇವರ ಕೋಣೆಯ ಹೊಸ್ತಿಲ ಮೇಲೇ ಜಾರಿ ಬಿದ್ದೆ. ಕಾಲು ಉಳುಕಿತು. ಅವ್ವ ಹೊಸ್ತಿಲಿಗೆ ನೀರು ಚೆಲ್ಲಿದ್ದಳು ಅನ್ನುವುದು ಬೇರೆ ಮಾತು. ನನಗೆ ಮಾತ್ರ ತಿಳಿಯಬೇಕಾದದ್ದು ತಿಳಿಯಿತು. ಅವತ್ತಿನಿಂದ ಒಂದನೇ ನಂಬರು ದೇವರಿಗೆ, ಸೋಮವಾರದ ಪ್ರಾರ್ಥನೆಯಲ್ಲಿ ನಾವು ಹಾಡುವ ವಚನಕ್ಕೆ. ಸಿನಿಮಾದವರು ಎಷ್ಟು ಕುಣಿದರೂ ಎರಡರಿಂದ ಕೆಳಗೆ.

ಅಂಥ ಹೊತ್ತಿನಲ್ಲಿ ಕುಕ್ಕರ್ ಹಾಡು ಬಂತು. ನಮ್ಮ ಮನೆಗೆ ಮೊದಲ ಕುಕ್ಕರ್ ತಂದ ದಿನ ಅದು. ಒಲೆಯ ಮೇಲಿಟ್ಟು ಅವ್ವ, ನಾನು, ಅಪ್ಪ ಮೂವರೂ ಹಿತ್ತಲಿಗೆ ಬಂದು ನಿಂತಿದ್ದೆವು, ಸಿಡಿದರೆ ಗೋಡೆಯಾದರೂ ಅಡ್ಡ ಇರಲಿ ಅಂತ. ಆಗ ಕಾಕುವಿನ ಕಿಟಕಿಯಲ್ಲಿ ಒಂದು ಹಿಂದಿ ಹಾಡು. ಢಂ ಢಂ ಅಂತ ಶುರುವಾಗಿ ತುತ್ತೂರಿ ಮೇಲಕ್ಕೇರಿತು, ಸರಿಯಾಗಿ ಅದೇ ಕ್ಷಣಕ್ಕೆ ಒಳಗಿಂದ ಸೀಟಿ. ಅವ್ವ ಶಿವಶಿವಾ ಅಂತ ಕಣ್ಣು ಮುಚ್ಚಿದಳು. ನನಗೆ ಮಾತ್ರ ಯಾರೋ ಹೆಸರು ಹಿಡಿದು ಕರೆದ ಹಾಗಾಯಿತು.

ಆ ಹಾಡು ಮೂರೇ ವಾರದಲ್ಲಿ ಎರಡನೇ ನಂಬರಿಗೆ ಏರಿ ಅಲ್ಲೇ ಬೇರು ಬಿಟ್ಟಿತು. ಖರೇ ಹೇಳಬೇಕೆಂದರೆ ಅದರ ಯೋಗ್ಯತೆ ಒಂದರದು. ಆದರೆ ದೇವರನ್ನು ಎಬ್ಬಿಸಿ ಅದನ್ನು ಕೂಡಿಸುವ ಧೈರ್ಯ ಯಾರಿಗಿದೆ? ಕಡೆಗೆ ಜೋಳದ ರೊಟ್ಟಿ ನನಗೊಂದು ದಾರಿ ತೋರಿಸಿತು. ರೊಟ್ಟಿ ಬಡಿಯುತ್ತ ವಚನ ಹಾಡಿಕೊಳ್ಳುವುದು ನಮ್ಮ ಮನೆಯ ರೂಢಿ. ಒಂದು ದಿನ ಹಿಟ್ಟು ಚೆನ್ನಾಗಿ ಜಿಗುಟು ಬಂದಿತ್ತು, ಕೈ ತಪತಪ ಓಡುತ್ತಿತ್ತು, ಓಡುವ ಕೈ ಯಾವ ತಾಳ ಹಿಡಿದೀತು? ಬಾಯಲ್ಲಿ ವಚನ, ಧಾಟಿ ಕುಕ್ಕರ್ ಹಾಡಿನದು. ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಡಿಮೆ ಇಲ್ಲ, ಅಳತೆ ಕೊಟ್ಟು ಹೊಲಿಸಿದ ಜಂಪರಿನ ಹಾಗೆ ಕೂತುಬಿಟ್ಟಿತು. ಪಾಪವೋ ಪುಣ್ಯವೋ ತಿಳಿಯದೆ ವಿಭೂತಿ ಹಚ್ಚಿಕೊಂಡು ಬಂದು ಮತ್ತೊಮ್ಮೆ ಹಾಡಿದೆ. ಆಗಲೂ ಕೂತಿತು.

ಅದೇ ತಿಂಗಳು ಖಾನಾಪುರದಿಂದ ಹುಡುಗ, ಅವನ ತಂದೆ, ತಾಯಿ ನನ್ನನ್ನು ನೋಡಲು ಬಂದರು. ಹುಡುಗ ಸರಕಾರಿ ನೌಕರಿಯಲ್ಲಿದ್ದ, ತಂದೆ ಹೆಡ್ ಮಾಸ್ತರರು. ಅವೆಲ್ಲ ನನ್ನ ಕಿವಿಗೆ ಬೀಳಲೇ ಇಲ್ಲ. ಅವರ ಪಡಸಾಲೆಯಲ್ಲಿ ದೊಡ್ಡ ರೇಡಿಯೋ ಇದೆಯಂತೆ ಅಂದಳಲ್ಲ ಅವ್ವ, ಅದೊಂದು ಬಿತ್ತು. ದೇವರ ಮುಂದೆ ಕೂತು ಕೇಳಿದ್ದನ್ನು ನಿಮ್ಮೆದುರು ಮುಚ್ಚಿಡಲೇಕೆ? ಈ ಸೋಯರಿಕೆ ಕೂಡಿಸಪ್ಪಾ, ಹುಡುಗ ಹೇಗಿದ್ದರೂ ನಡೆಯುತ್ತದೆ ಅಂತ ಬೇಡಿಕೊಂಡೆ.

ಉಪ್ಪಿಟ್ಟು, ಚಹಾ ಆದ ಮೇಲೆ ಮಾಸ್ತರರು ಒಂದು ವಚನ ಹೇಳವಾ ಅಂದರು. ಹಣೆಯ ತುಂಬ ವಿಭೂತಿ, ಬಿಳಿ ಟೊಪ್ಪಿಗೆ, ಕಣ್ಣು ಮುಚ್ಚಿ ನೆಟ್ಟಗೆ ಕೂತರು. ನಾನು ಅವ್ವ ಕಲಿಸಿದ ಹಳೆಯ ಧಾಟಿಯಲ್ಲೇ ಎತ್ತಿಕೊಂಡೆ. ಮೊದಲ ಸಾಲು ದಾಟಿತು. ಎರಡನೆಯ ಸಾಲಿಗೆ ಅಂಜಿದ ಕೈ ತೊಡೆಯ ಮೇಲೆ ರೊಟ್ಟಿ ಬಡಿಯತೊಡಗಿತು. ಅಷ್ಟೇ ನೋಡಿ, ಮುಂದಿನದು ನನ್ನ ಕೈಯಲ್ಲಿ ಇರಲಿಲ್ಲ. ವಚನ ತುತ್ತೂರಿ ಏರಿದಲ್ಲೆಲ್ಲ ಏರಿತು, ಢಂ ಢಂ ಅಂದಲ್ಲೆಲ್ಲ ತಲೆ ತೂಗಿತು. ಬಾಗಿಲಲ್ಲಿ ನಿಂತ ಸುಶೀಲಾ ಕಾಕು ಸೆರಗನ್ನು ಬಾಯಿಗೆ ತುರುಕಿಕೊಂಡರು. ಹುಡುಗ ತಲೆ ಬಗ್ಗಿಸಿದ, ಭುಜ ಕುಲುಕುತ್ತಿದ್ದವು. ರೇಡಿಯೋ ಕೈಬಿಟ್ಟು ಹೋಯಿತು ಅಂದುಕೊಂಡೆ.

ಮಾಸ್ತರರು ಕಣ್ಣು ತೆರೆದರು. "ಈ ಧಾಟಿ ಯಾರ ಕಲಿಸಿದರವಾ?"

ಸುಳ್ಳು ಹೇಳಿ ಅಭ್ಯಾಸವಿಲ್ಲ. "ಬಾಜೂ ಮನಿ ಕಾಕೂರ ಕಡೆಯಿಂದ ಬಂತ್ರಿ. ಉಳದದ್ದು ರೊಟ್ಟಿ ಬಡಿಯೂವಾಗ ಕೂಡಿತ್ರಿ."

ಅವರು ಕಾಕುವಿನ ಹಣೆಯ ಕುಂಕುಮ, ಒಂಬತ್ತುವಾರಿ ಸೀರೆ ನೋಡಿದರು. ಮುಖ ಅರಳಿತು. "ಅಂದಮ್ಯಾಲೆ ಇದು ಪಂಢರಪುರದ ವಾರಕರಿ ಮಂದಿ ಧಾಟಿ. ಅಭಂಗದ ಧಾಟಿಯೊಳಗ ವಚನ. ನಾ ಹೇಳತಿದ್ದಿಲ್ಲೇನ, ಹಿಂದಕ ಇವೆರಡೂ ಕೂಡೇ ಇದ್ದೂ ಅಂತ." ಕಾಕು ಅವರಿಗೆ ಇನ್ನೊಂದಿಷ್ಟು ಉಪ್ಪಿಟ್ಟು ಬಡಿಸಿದರು. ಸೋಯರಿಕೆ ಕೂಡಿತು.

ಖಾನಾಪುರದ ಮನೆಯಲ್ಲಿ ರೇಡಿಯೋ ಇತ್ತು, ಖರೇ. ಅದಕ್ಕೆ ಕಸೂತಿಯ ಹೊದಿಕೆ ಹೊದಿಸಿದ್ದರು. ಮಾವನವರು ಅದನ್ನು ತೆಗೆಯುತ್ತಿದ್ದದ್ದು ವಾರ್ತೆಗೆ ಮಾತ್ರ, ವಾರ್ತೆ ಮುಗಿದು ಹಾಡಿನ ಮೊದಲ ತಂತಿ ಮಿಡಿಯುವುದರೊಳಗೆ ಬಂದ್. ಒಂದು ವಾರ ನನ್ನ ಯಾದಿ ಖಾಲಿ. ಎಂಟನೆಯ ದಿನ, ಮಾವನವರು ಸಾಲಿಗೆ ಹೋದ ಮೇಲೆ, ಅತ್ತೆಯವರು ತಾವಾಗಿಯೇ ಹೊದಿಕೆ ತೆಗೆದು ಗೋವಾದ ಸ್ಟೇಷನ್ ತಿರುಗಿಸಿದರು. ನನ್ನ ಕಡೆಗೆ ನೋಡಲೂ ಇಲ್ಲ. ಮೊರ ತಂದು ನನ್ನ ಮುಂದಿಟ್ಟು, "ಅಕ್ಕಿ ಆರಸೂಣು ಬಾರವಾ" ಅಂದರು. ಮಧ್ಯಾಹ್ನದ ಆ ಎರಡು ತಾಸುಗಳಿಗಾಗಿ ನಾನು ಈಗಲೂ ದಿನಾ ಕೈ ಮುಗಿಯುತ್ತೇನೆ.

ಇತ್ತ ಮಾವನವರು ಸುಮ್ಮನೆ ಕೂಡುವವರಲ್ಲ. ಓಣಿಯ ಹೆಣ್ಣುಮಕ್ಕಳ ಸೋಮವಾರದ ಪ್ರಾರ್ಥನೆಗೆ ನನ್ನನ್ನು ಕರೆದೊಯ್ದು, ವಾರಕರಿ ಧಾಟಿ ಕಲಿತುಕೊಳ್ಳಿರಿ ಅಂತ ಕೂಡಿಸಿದರು. ಅವರು ಕಲಿತರು. ಎಷ್ಟು ಚೆಂದ ಕಲಿತರೆಂದರೆ ತುತ್ತೂರಿಯ ಜಾಗಕ್ಕೆ ತಾಳ ಹೊಂದಿಸಿದರು. ಬಂದ ಬೀಗರಿಗೆಲ್ಲ ಮಾವನವರು ವಚನ, ಅಭಂಗಗಳ ಹಳೆಯ ನಂಟಿನ ಬಗ್ಗೆ ಅರ್ಧ ತಾಸು ಹೇಳಿ, ಪುರಾವೆಗೆ ನನ್ನನ್ನು ಕರೆದು ಹಾಡಿಸುತ್ತಿದ್ದರು. ಸೊಸೆಯ ಮೇಲೆ ಅಷ್ಟು ಅಭಿಮಾನ. ಅದು ಹೆಚ್ಚಾದಷ್ಟೂ ನಾನು ವಹಿಯನ್ನು ಟ್ರಂಕಿನ ಇನ್ನೂ ತಳಕ್ಕೆ ತಳ್ಳುತ್ತಿದ್ದೆ.

ನಾಲ್ಕು ವರ್ಷ ಹೀಗೇ ನಡೆಯಿತು. ಆಮೇಲೆ ನಂದಗಡದಲ್ಲಿ ಒಂದು ಮದುವೆ. ಪಂಕ್ತಿಯಲ್ಲಿ ಕೂತಿದ್ದೇವೆ, ಎಲೆಗೆ ಗೋಧಿ ಹುಗ್ಗಿ ಬಿದ್ದಿದೆ, ಚಪ್ಪರದ ಸ್ಪೀಕರಿನಲ್ಲಿ ಢಂ ಢಂ. ನನ್ನ ಕುಕ್ಕರ್ ಹಾಡು. ಎದುರು ಸಾಲಿನಲ್ಲಿ ಮಾವನವರ ಕೈ ಎಲೆಯ ಮೇಲೆ ನಿಂತಿತ್ತು. ಹಾಡು ಮುಗಿಯುವ ತನಕ ಕೇಳಿದರು, ತಲೆದೂಗಿಯೂ ಬಿಟ್ಟರು, ಆಮೇಲೆ ಮುಖ ಕೆಂಪಾಯಿತು. ಬಸ್ಸಿನಲ್ಲಿ ಒಂದೇ ಮಾತು: ಸಿನಿಮಾ ಮಂದಿ ಶರಣರ ಧಾಟಿ ಕದ್ದಿದ್ದಾರೆ, ಬಿಡಬಾರದು.

ಮನೆಗೆ ಬಂದವರೇ ಫುಲ್‌ಸ್ಕೇಪ್ ಹಾಳೆ ತೆಗೆದರು. ಸಂಜೆಗೆ ರೇಡಿಯೋ ಸ್ಟೇಷನ್ನಿಗೆ ಪತ್ರ ತಯಾರು. ಏಳು ಕಲಮು, ಕೆಳಗೆ ಹುದ್ದೆ ಸಹಿತ ಸಹಿ. ನಮ್ಮನ್ನೆಲ್ಲ ಕೂಡಿಸಿ ಓದಿ ಹೇಳಿದರು. ನಮ್ಮ ಮನೆಯವರು ಎಮ್ಮೆಗೆ ನೀರು ಕುಡಿಸುತ್ತೇನೆಂದು ಎದ್ದು ಹೋದರು. ನಮ್ಮಲ್ಲಿ ಎಮ್ಮೆ ಇರಲಿಲ್ಲ. ಹೇಳುವುದು ಬೇಡ ಅಂತ ಅತ್ತೆಯವರು ನನಗೆ ಕಣ್ಣಲ್ಲೇ ಸನ್ನೆ ಮಾಡಿದರು. ಆದರೆ ಮುಂಜಾನೆ ಆ ಪತ್ರ ಟಪಾಲಿಗೆ ಬಿದ್ದರೆ? ಅಲ್ಲಿ ಯಾರೋ ಓದಿ ನಕ್ಕು, ನಗುತ್ತಲೇ ಉತ್ತರ ಬರೆದು, ಅದು ಸಾಲಿಗೆ ಬಂದರೆ? ಊರಿಗೆಲ್ಲ ಬುದ್ಧಿ ಹೇಳುವ ಮನುಷ್ಯ ನನ್ನ ದೆಸೆಯಿಂದ ತಲೆ ತಗ್ಗಿಸಬೇಕು. ಹೇಳಿದರೆ ನನ್ನ ಮೇಲಿನ ಅಭಿಮಾನ ಹೋಗುತ್ತದೆ, ಹೋಗಲಿ. ದೇವರ ಮುಂದೆ ಒಂದು ನಿಮಿಷ ನಿಂತು, ವಹಿ ತಂದು ಅವರ ಮುಂದಿಟ್ಟೆ.

"ಮಾವಾರ, ಧಾಟಿ ಅವರು ಕದ್ದಿಲ್ರಿ. ನಾ ಕದ್ದೇನ್ರಿ."

ಕುಕ್ಕರಿನಿಂದ ಹಿಡಿದು ರೊಟ್ಟಿಯ ತನಕ ಎಲ್ಲ ಹೇಳಿದೆ. ಮಾವನವರು ಚಾಳೀಸನ್ನು ಮೂಗಿಗೇರಿಸಿಕೊಂಡು ವಹಿಯನ್ನು ಹಾಳೆ ಹಾಳೆಯಾಗಿ ಓದಿದರು, ಉತ್ತರಪತ್ರಿಕೆ ನೋಡುವ ಹಾಗೆ. ನಾನು ಗೋಡೆಗೆ ಆತು ನಿಂತಿದ್ದೆ. ಆಮೇಲೆ ಒಂದನೇ ನಂಬರಿನ ಮೇಲೆ ಬೆರಳಿಟ್ಟು ಕೇಳಿದರು.

"ಈ ವಚನ ಒಂದ ವಾರನೂ ಕೆಳಗ ಇಳದಿಲ್ಲಲಾ?"

"ದೇವರದರೀ. ಹೆಂಗ ಇಳಸೂದರೀ."

"ನೋಡವಾ, ನಾ ಹೆಡ್ ಮಾಸ್ತರ. ಸಾಲಿ ಹುಡುಗರ ಜೋಡಿ ಪರೀಕ್ಷಾಕ್ಕ ಕುಂತು, ವಾರಾ ವಾರಾ ನಾನ ಪಹಿಲಾ ನಂಬರ್ ತಗೊಂಡ್ರ ನನಗ ಶೋಭಾ ಕೊಡ್ತೈತೇನ? ದೇವರನ್ನ ಯಾದಿ ಹೊರಗ ಇಡು. ಹುಡುಗರದು ಹುಡುಗರೊಳಗ ಆಗಲಿ."

ಆಮೇಲೆ ಅತ್ತೆಯವರ ಕಡೆ ತಿರುಗಿ ನಿನಗೂ ಗೊತ್ತಿತ್ತೇನು ಅಂದರು. ಅತ್ತೆಯವರು ಬತ್ತಿ ಹೊಸೆಯುತ್ತಲೇ ಹೇಳಿದರು: "ಹೆಣ್ಣ ನೋಡಾಕ ಹೋದಾಗಿಂದ ಗೊತ್ತೈತಿ. ಆ ಹಾಡ ಕೇಳೇ ಹೂಂ ಅಂದೇನಿ."

ಮಾವನವರು ಮೊದಲು ಮೀಸೆಯಲ್ಲಿ ನಕ್ಕರು, ಆಮೇಲೆ ಟೊಪ್ಪಿಗೆ ತೆಗೆದಿಟ್ಟು ನಕ್ಕರು. ಪತ್ರವನ್ನು ಹರಿಯಲಿಲ್ಲ, ಮಾಸ್ತರರಲ್ಲವೇ, ಹಿಂದಿನ ಮಗ್ಗುಲು ಖಾಲಿ ಇದೆ, ಬರೆಯಲು ಬರುತ್ತದೆ ಅಂತ ನನಗೆ ಕೊಟ್ಟರು. ಆ ಶನಿವಾರದ ಯಾದಿ ಅದರ ಮೇಲೇ ಇದೆ. ಕುಕ್ಕರ್ ಹಾಡು ಅಷ್ಟೊತ್ತಿಗೆ ಹಳತಾಗಿ ಹತ್ತರಲ್ಲಿ ಇರಲೇ ಇಲ್ಲ. ಆದರೂ ಅತ್ತೆಯವರು ಹಟ ಹಿಡಿದರು. "ಒಂದ ವಾರ ಪಹಿಲಾ ನಂಬರ್ ಕೊಡು ಅದಕ್ಕ. ಮನಿಗೆ ಸೊಸಿ ತಂದೈತಿ." ಕೊಟ್ಟೆ. ಈ ಸಲ ಯಾವ ಹೊಸ್ತಿಲೂ ನನ್ನನ್ನು ಬೀಳಿಸಲಿಲ್ಲ. ವಾರಕರಿ ಧಾಟಿಯ ಮಾತನ್ನು ಮಾವನವರು ಮತ್ತೆ ಎತ್ತಲಿಲ್ಲ. ಸೋಮವಾರದ ಹಾಡನ್ನು ಬಿಡಿಸಲೂ ಇಲ್ಲ.

ಈಗ ಅವರಿಬ್ಬರೂ ಇಲ್ಲ. ಸೋಮವಾರದ ಪ್ರಾರ್ಥನೆ ಇದೆ, ಧಾಟಿಯೂ ಅದೇ ಇದೆ. ಓಣಿಯಲ್ಲಿ ಅದು ಹಿಂದಿನಿಂದ ಬಂದದ್ದು ಅಂತಲೇ ಎಲ್ಲರ ತಿಳುವಳಿಕೆ, ನಾನೂ ಇಷ್ಟು ವರ್ಷ ಬಾಯಿ ಬಿಟ್ಟಿರಲಿಲ್ಲ. ವಹಿ ಸಿಕ್ಕ ಮಾರನೆಯ ದಿನವೇ ಸೋಮವಾರ. ಓಣಿಗೆ ಹೊಸದಾಗಿ ಬಂದ ಸೊಸೆಯೊಬ್ಬಳು, ಸಂಗೀತ ಕಲಿತವಳು, ಇದು ಯಾವ ರಾಗರೀ ಕಾಕೂ ಅಂತ ನನ್ನನ್ನು ಕೇಳಿದಳು. ಹೇಳಿಬಿಟ್ಟೆ. ಕುಕ್ಕರ್, ರೊಟ್ಟಿ, ನಂದಗಡದ ಹುಗ್ಗಿ, ಎಲ್ಲ. ಅವಳು ಆಗಿಂದಾಗಲೇ ಮೊಬೈಲಿನಲ್ಲಿ ಆ ಹಾಡು ಹುಡುಕಿ ದೇವರ ಎದುರಿಗೇ ಹಚ್ಚಿದಳು. ಹದಿನೇಳು ಹೆಂಗಸರು ತಲೆಗೆ ತಲೆ ಕೂಡಿಸಿ, ಉಸಿರು ಹಿಡಿದು, ಕಡೆಯ ಢಂ ತನಕ ಕೇಳಿದರು. ನಾನು ಯಾರ ಮುಖವನ್ನೂ ನೋಡಲಿಲ್ಲ.

ನಮ್ಮೆಲ್ಲರಿಗಿಂತ ಹಿರಿಯಳಾದ ಗೌರಕ್ಕ ತಾಳ ಕೈಗೆ ತೆಗೆದುಕೊಂಡಳು. "ಸಿನಿಮಾದಾಂವನೂ ಹಾಡ್ಯಾನ ಬಿಡು," ಅಂದಳು, "ನಮ್ಮಷ್ಟ ಚಲೋ ಹಾಡಿಲ್ಲ. ಹೂಂ, ಎತ್ತಿಕೋರಿ."