ಬೆನ್ನ ಹಿಂದೆ ಕಣ್ಣಿಟ್ಟ ಸಂಜೀವಣ್ಣ

ಸಂಜೀವಣ್ಣ ಫೋಟೋ ತೆಗೆಯುವಾಗ ಎದುರು ನಿಂತವರ ಮುಖ ನೋಡುತ್ತಿರಲಿಲ್ಲ. ನಾವು ದವಡೆ ನೋಯುವವರೆಗೆ ನಗುತ್ತ ನಿಂತರೂ ಅವರ ದೃಷ್ಟಿ ನಮ್ಮ ಕಿವಿಯ ಪಕ್ಕದಿಂದ ಹಾದು ಹಿಂದಿನ ಗೋಡೆಯ ಮೇಲೆಯೇ ಇರುತ್ತಿತ್ತು. "ಮುಖ ಎಲ್ಲಿಗೆ ಹೋಗ್ತದೆ ಮಾರಾಯ್ರೆ? ಅದು ಅಲ್ಲೇ ಇರ್ತದೆ. ಹಿಂದೆ ನಿಂತದ್ದು ಉಂಟಲ್ಲ, ಅದು ಕಳ್ಳ. ಫೋಟೋ ಬಂದ ಮೇಲೆಯೇ ಸಿಕ್ಕಿಬೀಳೋದು" ಎನ್ನುತ್ತಿದ್ದರು.

ಡೊಂಬಿವಲಿಯ ನಮ್ಮ ಬಿಲ್ಡಿಂಗಿನ ಎರಡನೇ ಮಾಳಿಗೆಯಲ್ಲಿ ಅವರ ಮನೆ. ಕುಂದಾಪುರದ ಕಡೆಯವರು, ಸ್ಟೇಷನ್ ಹತ್ತಿರದ ಹೋಟೆಲೊಂದರ ಗಲ್ಲೆಯಲ್ಲಿ ಮೂವತ್ತು ವರ್ಷ ಕೂತು ನಿವೃತ್ತರಾಗಿದ್ದರು. ಗಲ್ಲೆಯಲ್ಲಿ ಕೂತವನಿಗೆ ಎದುರಿನ ಗಿರಾಕಿಗಿಂತ ಅವನ ಬೆನ್ನ ಹಿಂದೆ ದುಡ್ಡು ಕೊಡದೆ ಜಾರಿಕೊಳ್ಳುವವನ ಮೇಲೆ ಕಣ್ಣಿರಬೇಕಂತೆ. ಆ ಕಣ್ಣನ್ನೇ ಅವರು ಕ್ಯಾಮೆರಾಕ್ಕೂ ತಂದಿದ್ದರು. ಒಮ್ಮೆ ಪಕ್ಕದ ಮನೆಯ ಮಗುವಿನ ಬರ್ತ್‌ಡೇ. ಕೇಕಿನ ಹಿಂದಿದ್ದ ಫ್ರಿಜ್ಜನ್ನು ನಾಲ್ವರು ಸೇರಿ ಅಡುಗೆಮನೆಗೆ ತಳ್ಳುವವರೆಗೆ ಮೇಣದಬತ್ತಿ ಹಚ್ಚಲು ಬಿಡಲಿಲ್ಲ. ಅಷ್ಟರಲ್ಲಿ ಕೇಕ್ ಒಂದು ಕಡೆಗೆ ವಾಲಿತ್ತು, ಮಗು ನಿದ್ದೆ ಹೋಗಿತ್ತು.

ನನ್ನ ನಿಶ್ಚಿತಾರ್ಥ ಠಾಣೆಯ ಒಂದು ಸಣ್ಣ ಹಾಲ್‌ನಲ್ಲಿ ನಡೆಯಿತು. ವೇದಿಕೆಯ ಮೂಲೆಯಲ್ಲಿ ಬೆಂಕಿ ಆರಿಸುವ ಕೆಂಪು ಸಿಲಿಂಡರ್. ಗೋಡೆಗೆ ಬಿಗಿದದ್ದು, ತೆಗೆಯಲು ಬರುವುದಿಲ್ಲ. ಸಂಜೀವಣ್ಣ ಸುತ್ತ ಕಣ್ಣಾಡಿಸಿ, ನನ್ನ ಮಾವನಾಗಲಿದ್ದವರ ಅಗಲವನ್ನು ಮನಸ್ಸಿನಲ್ಲೇ ಅಳೆದು, ಕೈಹಿಡಿದು ಕರೆತಂದು ಸರಿಯಾಗಿ ಅದರ ಮುಂದೆ ನಿಲ್ಲಿಸಿದರು.

"ಹುಡುಗನ ತಂದೆಗೆ ಇದೇ ಜಾಗ ರಾಯರೇ. ಅಲ್ಲಾಡ್ಬಾರ್ದು."

ಅವರು ಒಂದೂವರೆ ಗಂಟೆ ಅಲ್ಲಾಡಲಿಲ್ಲ. ಉಂಗುರ ತೊಡಿಸುವಾಗಲೂ, ಹಿರಿಯರು ಅಕ್ಷತೆ ಹಾಕುವಾಗಲೂ ಅದೇ ಮೂಲೆಯಲ್ಲಿ ಬ್ಯಾಂಕಿನ ಕಾವಲುಗಾರನಂತೆ ನಿಂತಿದ್ದರು. ಹುಡುಗನ ತಂದೆ ಬಲು ಬಿಗುಮಾನದವರು ಎಂದು ನಮ್ಮ ನಂಟರೆಲ್ಲ ತೀರ್ಮಾನಿಸಿದರು. ಉಪಚಾರದಲ್ಲಿ ಏನು ಕಮ್ಮಿಯಾಯಿತೋ ಎಂದು ಅಮ್ಮ ವಾರವಿಡೀ ಕೊರಗಿದಳು. ಮಾವನಿಗೆ ಸಿಲಿಂಡರಿನ ವಿಷಯ ಇಂದಿಗೂ ಗೊತ್ತಿಲ್ಲ. "ನಿಮ್ಮ ಕಡೆ ಆ ಶಾಸ್ತ್ರ ಚೆನ್ನಾಗಿದೆ" ಎನ್ನುತ್ತಾರೆ.

ಕೆಲವು ವರ್ಷಗಳ ನಂತರ ಅಮ್ಮನಿಗೆ ಹೃದಯದ ಆಪರೇಷನ್ ಎಂದಾಯಿತು. ಅವಳು ಯಾರಿಗೂ ಹೇಳದೆ ನೇರ ಸಂಜೀವಣ್ಣನ ಬಾಗಿಲು ತಟ್ಟಿದಳಂತೆ.

"ಒಂದು ಒಳ್ಳೆ ಫೋಟೋ ತೆಗೀರಿ. ಹೆಚ್ಚುಕಮ್ಮಿ ಆದ್ರೆ ಹಾರ ಹಾಕ್ಲಿಕ್ಕೆ ಬೇಕಲ್ಲ. ಆಧಾರ್ ಕಾರ್ಡಿನದ್ದು ದೊಡ್ಡದು ಮಾಡಿ ತೂಗುಹಾಕಿದ್ರೆ ಸತ್ತ ಮೇಲೂ ನಾಚಿಕೆ."

ಮರುದಿನ ಬೆಳಿಗ್ಗೆ ಸಂಜೀವಣ್ಣ ಅಮ್ಮನನ್ನು ರೇಷ್ಮೆ ಸೀರೆಯಲ್ಲಿ ಟೆರೇಸಿಗೆ ಕರೆದರು. ಅವಳ ಕೈಹಿಡಿದು ನಾನೂ ಹೋದೆ. ಅವರು ಮುರಿದ ಕುರ್ಚಿಗಳನ್ನು ಸರಿಸಿದರು, ಪಾರಿವಾಳಗಳನ್ನು ಓಡಿಸಿದರು. ಕೊನೆಗೆ ಎದುರು ಬಿಲ್ಡಿಂಗಿನ ಬಾಲ್ಕನಿಯಲ್ಲಿ ಒಣಗುತ್ತಿದ್ದ ಒಂದು ಕೆಂಪು ಲಂಗ ಮಾತ್ರ ಉಳಿಯಿತು. ಅದರ ಪಕ್ಕದಲ್ಲೇ ಆ ಮನೆಯ ಮರಾಠಿ ಹೆಂಗಸು, ನಾವೆಲ್ಲ ಕಾಕೂ ಎನ್ನುವವರು, ನಿಂತಿದ್ದರು. ಸಂಜೀವಣ್ಣ ತಮಗೆ ಬರುವ ಮರಾಠಿಯಲ್ಲಿ ಬೀದಿಗೆಲ್ಲ ಕೇಳುವಂತೆ ಕೂಗಿದರು:

"ಕಾಕೂ, ಪರಕರ ಕಾಢಾ!"

ಲಂಗ ತೆಗೆಯಿರಿ ಎಂದು. ಯಾವ ಲಂಗ ಎಂದು ಹೇಳಲಿಲ್ಲ. ಐದೇ ನಿಮಿಷದಲ್ಲಿ ಕಾಕೂ ನಮ್ಮ ನಾಲ್ಕು ಮಾಳಿಗೆ ಹತ್ತಿ, ಏದುಸಿರು ಬಿಡುತ್ತ, ಕೈಯಲ್ಲಿ ಚಪ್ಪಲಿ ಹಿಡಿದು ಟೆರೇಸಿಗೆ ಬಂದರು. ಸಂಜೀವಣ್ಣ ನೀರಿನ ಟಾಕಿಯ ಹಿಂದೆ ಸರಿದರು. ಅಮ್ಮನೇ ನಡುವೆ ಬಂದು, ಆಪರೇಷನ್, ಹಾರ, ಫೋಟೋ ಎಲ್ಲವನ್ನೂ ಹೇಳಿದಳು. ಕಾಕೂ ಕೈಯ ಚಪ್ಪಲಿ ಕೆಳಗೆ ಬಿತ್ತು. "ಅಸಂ ಬೋಲೂ ನಯೇ, ತಾಈ" ಎಂದು, ಹಾಗೆಲ್ಲ ಆಡಬಾರದೆಂದು, ಅಮ್ಮನ ಕೈಹಿಡಿದುಕೊಂಡು ಅತ್ತರು. ಅಮ್ಮನೂ ಅತ್ತಳು. ಆಮೇಲೆ ಇಬ್ಬರೂ ಒಮ್ಮೆಲೇ ಬಾಲ್ಕನಿಯ ಕಡೆ ನೋಡಿ, ತಡೆಯಲಾಗದೆ ನಗತೊಡಗಿದರು.

ಆಗ ಸಂಜೀವಣ್ಣ ಫೋಟೋ ತೆಗೆದರು. ತೆಗೆದದ್ದನ್ನು ನೋಡಿ ಅವರ ಮುಖ ಸಪ್ಪೆಯಾಯಿತು. ಅಮ್ಮನ ತಲೆಯಿಂದ ಕೊಂಬಿನಂತೆ ಆಂಟೆನಾ ಎದ್ದಿತ್ತು, ಒಂದು ಬದಿಯಲ್ಲಿ ಕಾಕೂ ಮೊಣಕೈ, ಹಿಂದೆ ಬಾವುಟದಂತೆ ಹಾರುವ ಲಂಗ.

"ಛೆ, ಗಿರಿಜಕ್ಕ, ನಾನು ಮುಖ ನೋಡಿಬಿಟ್ಟೆ. ಇನ್ನೊಂದು ತೆಗೀತೇನೆ."

"ಬೇಡ, ಇದೇ ಇರ್ಲಿ. ಹಾರ ಹಾಕಿದ್ರೆ ಲಂಗ ಮುಚ್ತದೆ" ಎಂದಳು ಅಮ್ಮ.

ಆಪರೇಷನ್ ಮುಗಿಸಿ ಅಮ್ಮ ಗಟ್ಟಿಯಾಗಿ ಮನೆಗೆ ಬಂದಳು. ಆ ಫೋಟೋ ಹಾರವಿಲ್ಲದೆ ಟಿವಿಯ ಪಕ್ಕ ಕೂತಿದೆ.

ಸಂಜೀವಣ್ಣ ಆಮೇಲೆ ಮಗಳ ಜೊತೆ ಖಾರಘರಕ್ಕೆ ಹೋದರು. ಹದಿನಾಲ್ಕನೇ ಮಾಳಿಗೆ. ನೋಡಲು ಹೋದಾಗ ಬಾಲ್ಕನಿಯಲ್ಲಿ ಕೂತಿದ್ದರು, ಬಹಳ ಸೊರಗಿದ್ದರು. "ಇಲ್ಲಿ ಹಿಂದೆ ಎಂತದೂ ಇಲ್ಲ ಮಾರಾಯ್ತಿ. ಬರೀ ಗುಡ್ಡ, ಆಕಾಶ. ಯಾರನ್ನ ಬೈಯೋದು?" ಎಂದರು. ಹೊರಡುವಾಗ ಲಿಫ್ಟ್ ಹಿಡಿದು ಗೇಟಿನವರೆಗೆ ಬಂದರು. ಒಂದು ಫೋಟೋ ತೆಗೆಯುತ್ತೇನೆಂದು ಮೊಬೈಲ್ ಎತ್ತಿದೆ. ಅವರು ತಟ್ಟನೆ ಹಿಂದೆ ಏನಿದೆಯೆಂದು ತಿರುಗಿ ನೋಡಿದರು. ಮತ್ತೆ ಎತ್ತಿದೆ, ಮತ್ತೆ ತಿರುಗಿದರು. ಮೂರನೆಯ ಸಲವೂ ಅದೇ; ಮೂರು ಸಲವೂ ಅವರು ತಿರುಗಿದ ಮೇಲೆಯೇ ಕ್ಲಿಕ್ ಆಯಿತು. ಅಷ್ಟರಲ್ಲಿ ನನ್ನ ರಿಕ್ಷಾ ಬಂತು.

ಅವರು ತೀರಿಕೊಂಡ ಮರುದಿನ ಮಗಳ ಮೆಸೇಜ್ ಬಂತು. ಮನೆಯಲ್ಲಿ ಅಪ್ಪನ ಫೋಟೋ ಒಂದೂ ಸಿಗುತ್ತಿಲ್ಲ, ಯಾವಾಗಲೂ ಕ್ಯಾಮೆರಾ ಅವರ ಕೈಯಲ್ಲೇ ಇರುತ್ತಿತ್ತು, ನಿಮ್ಮಲ್ಲಿ ಇದೆಯಾ ಎಂದು ಕೇಳಿದ್ದಳು. ಬಹಳ ಹೊತ್ತು ಹಿಂಜರಿದು ಆ ಮೂರನ್ನೇ ಕಳಿಸಿದೆ. ಬರೀ ಹಿಂದಲೆ, ಬಿಳಿ ಅಂಗಿಯ ಕಾಲರು, ಒಂದು ಕಿವಿ.

ಸ್ವಲ್ಪ ಹೊತ್ತಿಗೆ ಉತ್ತರ ಬಂತು: "ಹಾಂ, ಇದು ಪಪ್ಪಾನೇ."